ಟ್ರಿಗರ್ ಎಳೆಯದೆ ಹಾರುವ ಗುಂಡು

ಜಪಾನಿನ ಸೇನೆ 1934ರಲ್ಲಿ ಒಪ್ಪಿಕೊಂಡ ‘ಟೈಪ್ 94’ ಪಿಸ್ತೂಲಿಗೆ ಒಂದು ವಿಚಿತ್ರ ಗುಣವಿದೆ. ಟ್ರಿಗರ್ ಮುಟ್ಟದೆಯೂ ಅದು ಗುಂಡು ಹಾರಿಸಬಲ್ಲದು. ಟ್ರಿಗರಿನ ಒತ್ತಡವನ್ನು ಹಿಂದಕ್ಕೆ ಒಯ್ದು ಹ್ಯಾಮರನ್ನು ಬಿಡಿಸುವ ಉಕ್ಕಿನ ಪಟ್ಟಿ ಅದರ ಎಡಮಗ್ಗುಲಲ್ಲಿ ಹೊರಗೇ ಇದೆ. ಗುಂಡು ನಳಿಗೆಗೆ ಏರಿ, ಸೇಫ್ಟಿ ತೆಗೆದಿದ್ದಾಗ ಆ ಪಟ್ಟಿಯ ಮುಂದಿನ ತುದಿಯನ್ನು ಒತ್ತಿದರೆ ಸಾಕು. ಒತ್ತುವುದು ಬೆರಳೇ ಆಗಬೇಕೆಂದಿಲ್ಲ.

ಇದನ್ನು ರೂಪಿಸಿದ್ದು ಅನನುಭವಿಗಳಲ್ಲ. ಕಿಜಿರೊ ನಂಬು ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತನಾಗಿ, ಸ್ವಂತ ಕಂಪನಿ ಕಟ್ಟಿದವನು. ಸೇನೆಯ ಹಿಂದಿನ ಪಿಸ್ತೂಲಿಗಿಂತ ಚಿಕ್ಕದು, ಹಗುರವಾದದ್ದು ಬೇಕಿತ್ತು, ಅದು ಸಿಕ್ಕಿತು. 1945ರವರೆಗೆ ಸುಮಾರು 71,000 ಪಿಸ್ತೂಲುಗಳು ತಯಾರಾದವು. ಪಟ್ಟಿಯ ವಿಚಾರ ಸೇನೆಗೆ ಗೊತ್ತಿತ್ತು, ಆದರೆ ಕಾಳಗ ಎದುರಿಗೆ ಬಂದಾಗ ಮಾತ್ರ ನಳಿಗೆಗೆ ಗುಂಡು ಏರಿಸುವ ರೂಢಿ ಇದ್ದುದರಿಂದ ಅದನ್ನು ದೊಡ್ಡದು ಮಾಡಲಿಲ್ಲ ಎನ್ನುತ್ತಾರೆ.

ಕೊಲ್ಲಲೆಂದೇ ಮಾಡಿದ ವಸ್ತು ಸುರಕ್ಷಿತವಲ್ಲ ಎಂದು ದೂರುವುದು ನಗೆಪಾಟಲೆನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಯುದ್ಧದಲ್ಲಿ ಹಾರಿದ ಗುಂಡನ್ನು ಯಾರಾದರೂ ಸಮರ್ಥಿಸುವುದಾದರೆ, ಖಂಡಿಸುವುದಾದರೂ ಸರಿ, ಅದನ್ನು ಹಾರಿಸಲು ಒಬ್ಬ ಮನುಷ್ಯ ನಿರ್ಧರಿಸಿದ ಎಂಬುದೇ ಅದಕ್ಕೆ ಆಧಾರ. ಟ್ರಿಗರ್ ಅಂದರೆ ಆ ನಿರ್ಧಾರ ಲೋಹಕ್ಕೆ ದಾಟುವ ಜಾಗ. ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದಿಟ್ಟರೆ, ಅಲ್ಲಿಂದ ಹೊರಟ ಗುಂಡು ಯಾರದು?

ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಬರೆಯುತ್ತ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ಅವನ ತಪ್ಪೇನೂ ಇಲ್ಲದೆ ಮಗುವೊಂದು ಲಾರಿಗೆ ಸಿಕ್ಕಿ ಸಾಯುತ್ತದೆ. ‘ನಿನ್ನದೇನೂ ತಪ್ಪಿಲ್ಲ’ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ, ಹೇಳಲೂ ಬೇಕು. ಆದರೂ ಆತ ದಾರಿಹೋಕನಷ್ಟು ಸುಲಭವಾಗಿ ಆ ಮಾತು ಒಪ್ಪಿಕೊಂಡುಬಿಟ್ಟರೆ ನಮಗೇ ಅವನ ಮೇಲೆ ಅನುಮಾನ ಬರುತ್ತದೆ. ಟೈಪ್ 94 ಹಿಡಿದವನ ಪಾಡೂ ಅಂಥದೇ. ಒಂದು ವ್ಯತ್ಯಾಸವಿದೆ: ಇಲ್ಲಿ ಅದೃಷ್ಟದ ಒಂದು ಪಾಲನ್ನು ಇನ್ಯಾರೋ ಮೊದಲೇ ನಕ್ಷೆಯಲ್ಲಿ ಬರೆದಿಟ್ಟಿದ್ದರು.

ಅದೇ ಸೇನೆಯ ಹಳೆಯ ‘ಟೈಪ್ 14’ ಪಿಸ್ತೂಲಿನ ಚರ್ಮದ ಚೀಲದಲ್ಲಿ ಒಂದು ಹೆಚ್ಚುವರಿ ಫೈರಿಂಗ್ ಪಿನ್ ಇಡಲು ಜಾಗವಿತ್ತು. ನನಗೆ ಆ ಪುಟ್ಟ ಜಾಗದ ಮೇಲೆ ಗೌರವವಿದೆ. ‘ಇದು ಮುರಿಯಬಹುದು’ ಎಂದು ವಸ್ತುವೇ ಹೇಳುತ್ತದೆ, ಪರಿಹಾರವನ್ನೂ ಜೊತೆಗೇ ಕೊಡುತ್ತದೆ. ಟೈಪ್ 94 ಏನೂ ಹೇಳುವುದಿಲ್ಲ. ಅದರ ದೋಷವನ್ನು ಮುಚ್ಚಿದ್ದು ಒಂದು ರೂಢಿ; ರೂಢಿ ಇದ್ದದ್ದು ಮನುಷ್ಯರ ತಲೆಯಲ್ಲಿ. ಯುದ್ಧದ ಕೊನೆಗೆ ಒರಟೊರಟಾಗಿ ತಯಾರಾದ ಪಿಸ್ತೂಲುಗಳು ಸೋತು ಸುಸ್ತಾದವರ ಕೈಗೆ ಬಂದವು. ನಿದ್ದೆಗೆಟ್ಟವನು ರೂಢಿ ಪಾಲಿಸುತ್ತಾನೆಂದು ಎಷ್ಟರಮಟ್ಟಿಗೆ ನಂಬುವುದು?

ನಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೂ ಒಂದು ರೂಢಿ ಇತ್ತು. ಒಣ ಕೋಲಿನಿಂದಲೇ ಗುಂಡಿ ಒತ್ತಬೇಕು. ಅಪ್ಪ ಇಪ್ಪತ್ತು ವರ್ಷ ಹಾಗೇ ಒತ್ತಿದರು. ರಿಪೇರಿ ಮಾಡಿಸೋಣ ಅಂದರೆ, ‘ಗೊತ್ತಿದ್ದವರಿಗೆ ಏನೂ ಆಗಲ್ಲ ಬಿಡೋ’ ಅನ್ನುತ್ತಿದ್ದರು. ಅವರು ಹೋದ ಮೇಲಿನ ಮೊದಲ ಮಳೆಗಾಲದಲ್ಲಿ ಅಣ್ಣನ ಮಗ ಬರಿಗೈಯಲ್ಲಿ ಮುಟ್ಟಿದ. ಮೂರು ಮಾರು ಆಚೆ ಬಿದ್ದ, ಬದುಕಿದ. ಕೋಲು ಅಲ್ಲೇ ಗೋಡೆಗೆ ಒರಗಿತ್ತು. ಅದು ಯಾತಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

1945ರಲ್ಲಿ ಜಪಾನಿನ ಸೇನೆಯೇ ವಿಸರ್ಜನೆಯಾಯಿತು, ಅದರೊಂದಿಗೆ ರೂಢಿಯೂ ಹೋಯಿತು. ಪಿಸ್ತೂಲುಗಳು ಉಳಿದವು. ಅಮೆರಿಕದ ಸೈನಿಕರು ನೆನಪಿಗೆಂದು ಮನೆಗೆ ಒಯ್ದರು. ಈಗ ಅವು ಸಂಗ್ರಾಹಕರ ನಡುವೆ ಕೈ ಬದಲಾಯಿಸುತ್ತಿವೆ. ತಿಳಿದವರು ಕೊಳ್ಳುವವನಿಗೆ ಮೊದಲು ತೋರಿಸುವುದು ಎಡಮಗ್ಗುಲಿನ ಆ ಪಟ್ಟಿಯನ್ನು. ಎಲ್ಲ ಮಾರುವವರೂ ತಿಳಿದವರಲ್ಲ. ತಿಳಿದವರಲ್ಲೂ ಕೆಲವರು, ಬೆಲೆ ಕುದುರಿದ ಮೇಲೆ ಹೇಳಿದರಾಯಿತು ಅಂದುಕೊಳ್ಳುತ್ತಾರೆ.