ನಮ್ಮವನು ಎಂಬ ಒಂದೇ ಕಾರಣಕ್ಕೆ

ಬಾಡಿಗೆ ಮನೆ ಹುಡುಕಿಕೊಂಡು ಹೋದಾಗ, ಹೆಸರು ಕೇಳಿದ ಕೂಡಲೇ ‘ಮನೆ ಬೇರೆಯವರಿಗೆ ಕೊಟ್ಟಾಯಿತು’ ಎಂಬ ಉತ್ತರ ನಿಮಗೂ ಸಿಕ್ಕಿರಬಹುದು. ಒಬ್ಬ ಮುಸ್ಲಿಮ್ ತಪ್ಪು ಮಾಡಿದರೆ ಇಡೀ ಸಮುದಾಯವೇ ತಲೆತಗ್ಗಿಸಬೇಕೆಂದು ಬಯಸುವವರನ್ನೂ ನೀವು ಕಂಡಿದ್ದೀರಿ. ಇದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಗುಮಾನಿಗಳಿಂದ ದೂರವಿರಬೇಕೆಂದು ಸೂರಃ ಅಲ್ ಹುಜುರಾತ್ ತಾಕೀತು ಮಾಡುತ್ತದೆ. ಆದರೆ ಪ್ರಿಯ ಓದುಗರೇ, ಇದೇ ಅಳತೆಗೋಲನ್ನು ಒಮ್ಮೆ ನಮ್ಮ ಕಡೆಗೂ ಹಿಡಿದು ನೋಡೋಣವೇ?

ನಮ್ಮ ಬೀದಿಯ ಮುಸ್ಲಿಮ್ ಅಂಗಡಿಯವನೊಬ್ಬ ತೂಕದಲ್ಲಿ ಮೋಸ ಮಾಡಿದನೆಂದು ಇಟ್ಟುಕೊಳ್ಳಿ. ಪಕ್ಕದ ಹಿಂದೂ ಗೃಹಿಣಿ ಬಂದು ದೂರುತ್ತಾರೆ. ಆಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? ‘ಎಷ್ಟು ಕಡಿಮೆ ಬಂತಮ್ಮಾ?’ ಎಂದೇ, ಅಥವಾ ‘ಇವರಿಗೆ ನಮ್ಮವರನ್ನು ಕಂಡರಾಗದು’ ಎಂದೇ?

ಮದೀನಾದಲ್ಲಿ ಒಂದು ಕವಚದ ಕಳ್ಳತನವಾಯಿತು. ಕದ್ದವನು ಮುಸ್ಲಿಮನೆನಿಸಿಕೊಂಡಿದ್ದ ಬನೂ ಉಬೈರಿಕ್ ಮನೆತನದ ವ್ಯಕ್ತಿ. ಗುಟ್ಟು ರಟ್ಟಾಗುವ ಹೊತ್ತಿಗೆ ಅವನು ಆರೋಪವನ್ನು ಓರ್ವ ಯಹೂದಿಯ ತಲೆಗೆ ಕಟ್ಟಿದನೆಂದು ಅನೇಕ ವ್ಯಾಖ್ಯಾನಕಾರರು ಬರೆದಿದ್ದಾರೆ. ಮನೆತನದವರು ಗುಂಪಾಗಿ ಪ್ರವಾದಿ(ಸ)ಯವರ ಬಳಿಗೆ ಬಂದು ತಮ್ಮವನ ಪರವಾಗಿ ವಾದಿಸಿದರು. ಆತ ಕದ್ದಿಲ್ಲವೆಂದು ಅವರಿಗೆ ಖಾತ್ರಿಯಿತ್ತೇ? ಇಲ್ಲ. ಆತ ತಮ್ಮವನು, ಅಷ್ಟೇ. ಆಗ ಸೂರಃ ಅನ್ನಿಸಾದ 105ನೇ ಸೂಕ್ತದಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡವು. ವಂಚಕರ ವಕೀಲರಾಗಬಾರದೆಂದು ಅಲ್ಲಿ ಸ್ವತಃ ಪ್ರವಾದಿ(ಸ)ಯವರಿಗೇ ಆದೇಶವಾಯಿತು. ತನ್ನ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸುವವನು ಘೋರ ಮಿಥ್ಯಾರೋಪದ ಭಾರ ಹೊರುತ್ತಾನೆಂಬ ಎಚ್ಚರಿಕೆಯೂ ಬಂತು.

‘ಈಗ ಕಾಲ ಕೆಟ್ಟಿದೆ, ನಮ್ಮವರ ತಪ್ಪನ್ನು ನಾವೇ ಒಪ್ಪಿಕೊಂಡರೆ ವಿರೋಧಿಗಳ ಕೈಗೆ ಅಸ್ತ್ರ ಕೊಟ್ಟಂತಾಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಈ ಭಯ ಸುಳ್ಳೇನಲ್ಲ. ಆದರೆ ಮದೀನಾದ ಆ ದಿನಗಳು ನೆಮ್ಮದಿಯವಾಗಿದ್ದವೇ? ಹೊರಗೆ ಮಕ್ಕಾದ ಶತ್ರುಗಳು, ಒಳಗೆ ಕಪಟವಿಶ್ವಾಸಿಗಳು. ಯಹೂದಿ ಗೋತ್ರಗಳೊಂದಿಗಿನ ಸಂಬಂಧವೂ ಹದಗೆಟ್ಟಿತ್ತು. ಸಮುದಾಯದ ಮಾನ ಉಳಿಸಲಿಕ್ಕೆಂದು ಒಬ್ಬ ಯಹೂದಿಯನ್ನು ಬಲಿಗೊಟ್ಟಿದ್ದರೆ ಕೇಳುವವರು ಯಾರಿದ್ದರು? ಅಲ್ಲಾಹನು ಬಿಡಲಿಲ್ಲ. ಆ ಸೂಕ್ತಗಳನ್ನು ನಾವು ಇಂದಿಗೂ ನಮಾಝ್‌ನಲ್ಲಿ ಓದುತ್ತೇವೆ. ಓದಿ, ಸಲಾಮ್ ಹೇಳಿ, ಚಪ್ಪಲಿ ಮೆಟ್ಟಿ ಹೊರಬರುತ್ತೇವೆ.

ಅಕ್ರಮಿಯಾಗಿರಲಿ, ಅಕ್ರಮಕ್ಕೊಳಗಾದವನಾಗಿರಲಿ, ನಿನ್ನ ಸಹೋದರನಿಗೆ ನೆರವಾಗು ಎಂಬ ಹದೀಸ್ ನಿಮಗೆ ಗೊತ್ತು. ಅದರ ಮೊದಲರ್ಧವನ್ನಷ್ಟೇ ಹೇಳಿ ನಿಲ್ಲಿಸುವ ಭಾಷಣಗಳನ್ನು ನಾನು ಕೇಳಿದ್ದೇನೆ. ಅಕ್ರಮಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದಾಗ, ಅವನನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ನೀಡುವ ನೆರವೆಂದು ಪ್ರವಾದಿ(ಸ) ವಿವರಿಸಿದ್ದು ಬುಖಾರಿಯಲ್ಲಿದೆ.

ಹಾಗೆಂದು ಪ್ರತಿಯೊಂದು ಆರೋಪಕ್ಕೂ ತಲೆಬಾಗಬೇಕೆಂದಲ್ಲ. ಬರೀ ಸಂಶಯದ ಮೇಲೆ ಸಿಕ್ಕಿಬಿದ್ದ ನಿರಪರಾಧಿಯ ಪರ ನಿಲ್ಲುವುದು ಕರ್ತವ್ಯ. ಅದಕ್ಕಾಗಿ ಹಣ ಕೂಡಿಸಿ, ವಕೀಲರನ್ನಿಡಿ. ಅವನು ಮುಸ್ಲಿಮೇತರನಾಗಿದ್ದರೂ ಅಷ್ಟೇ ಹುಮ್ಮಸ್ಸಿನಿಂದ ಹಣ ಕೂಡಿಸುತ್ತೇವೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಆ ಗೃಹಿಣಿ ಇನ್ನೂ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಅವರ ಜೊತೆ ಅಂಗಡಿಗೆ ಹೋಗಿ, ಅವರ ಎದುರಲ್ಲೇ ಆ ಅಕ್ಕಿಯನ್ನು ಮತ್ತೊಮ್ಮೆ ತೂಗಿಸಲು ನಮ್ಮ ಜಮಾಅತ್‌ನಿಂದ ಯಾರು ಏಳುತ್ತೀರಿ?