ಮುಗಿಯದ ಸ್ಮಾರಕ ನಾಚಿಕೆಯೇ?



ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ಕಾಲ್ಟನ್ ಗುಡ್ಡವನ್ನು ಏರಿದವರಿಗೆ ಹನ್ನೆರಡು ದೊಡ್ಡ ಕಲ್ಲುಕಂಬಗಳು ಕಾಣಿಸುತ್ತವೆ. ಅವುಗಳ ಹಿಂದೆ ಕಟ್ಟಡವಿಲ್ಲ. ನೆಪೋಲಿಯನ್ನನ ವಿರುದ್ಧ ಹೋರಾಡಿ ಮಡಿದ ಯೋಧರಿಗಾಗಿ, ಅಥೆನ್ಸಿನ ಪಾರ್ಥೆನಾನ್ ಮಾದರಿಯಲ್ಲಿ 1826ರಲ್ಲಿ ಕಟ್ಟತೊಡಗಿದ ಸ್ಮಾರಕವದು. ಹಣ ಸಾಲದೆ 1829ರಲ್ಲಿ ಕೆಲಸ ನಿಂತಿತು. ಜನರು ಅದನ್ನು ನಗರದ ನಾಚಿಕೆ ಎಂದರು. ಖರ್ಚಿನ ಲೆಕ್ಕ ಹಾಕದೆ ಗೋಪುರ ಕಟ್ಟಹೊರಟವನ ಬಗ್ಗೆ ಯೇಸುಸ್ವಾಮಿ ಹೇಳಿದ ಸಾಮತಿ ನಿಮಗೆ ನೆನಪಾಗಬಹುದು.

ಇನ್ನು ನಮ್ಮ ಮಂಗಳೂರಿನ ಬಾವುಟಗುಡ್ಡಕ್ಕೆ ಬನ್ನಿ. ತೆರಿಗೆಯನ್ನು ನಗದಾಗಿಯೇ ಕಟ್ಟಬೇಕೆಂಬ ಕಂಪೆನಿ ಸರಕಾರದ ನಿಯಮದಿಂದ ನೊಂದ ಅಮರ ಸುಳ್ಯದ ರೈತರು, ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ 1837ರ ಏಪ್ರಿಲ್ 5ರಂದು ಇಲ್ಲಿ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನಗಳ ಬಳಿಕ ಕಂಪೆನಿಯ ಸೈನ್ಯ ಗೆದ್ದಿತು. ಕೆಲವರು ಗಲ್ಲಿಗೇರಿದರು, ಕೆಲವರು ಗಡಿಪಾರಾದರು. ಈ ಹೋರಾಟವನ್ನು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ, ಎಂದೇ ಕರೆಯುತ್ತಿದ್ದರು. ರಾಮಯ್ಯ ಗೌಡರ ಕಂಚಿನ ಪ್ರತಿಮೆ ಗುಡ್ಡದ ಮೇಲೆ ಅನಾವರಣಗೊಂಡದ್ದು 2022ರ ನವೆಂಬರ್ 19ರಂದು, 185 ವರ್ಷಗಳ ನಂತರ.

ಹಾಗಾದರೆ ಈಗ ಸ್ಮಾರಕ ಮುಗಿಯಿತೇ? ಪ್ರತಿಮೆ ಒಬ್ಬರದು; ಅವರೊಡನೆ ನಡೆದುಬಂದ ರೈತರು ಹಲವರು. ಅವರಿಗೆ ಅಂಟಿದ 'ಲೂಟಿಕೋರ' ಎಂಬ ಹೆಸರನ್ನು ಕಂಚು ತಾನಾಗಿ ಅಳಿಸಲಾರದು. ಅದನ್ನು ಅಳಿಸಬೇಕಾದವರು ಓದಿ, ವಿಚಾರಿಸಿ, ಮಕ್ಕಳಿಗೆ ಹೇಳುವ ನಾವು.

ಇಲ್ಲಿ ಎರಡು ಸಾಲಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಲ್ಲಿಗೆ ಲೆಕ್ಕವಿದೆ, ಮಾತು ಕೊಟ್ಟು ಕಟ್ಟದೆ ಬಿಡುವುದು ತಪ್ಪೇ. ಆದರೆ ಪ್ರಾಣಕ್ಕೆ ಬೆಲೆ ಕಟ್ಟುವವರು ಯಾರು? ಆ ಕಂಬಗಳೆಲ್ಲ ಪೂರ್ತಿಯಾಗಿ ಎದ್ದಿದ್ದರೂ ಸತ್ತವರ ಋಣ ತೀರುತ್ತಿರಲಿಲ್ಲ. ಕಟ್ಟಡ ಮುಗಿದಾಗ ಋಣವೂ ಮುಗಿಯಿತೆಂದು ಭಾವಿಸುವುದೇ ಹೆಚ್ಚಿನ ಅಪಾಯ. ಅನಾವರಣದ ದಿನ ಹಾರ ಹಾಕಿ, ಮರುದಿನದಿಂದ ನೆನಪಿಡುವ ಕೆಲಸವನ್ನು ಕಲ್ಲಿಗೇ ಒಪ್ಪಿಸಿಬಿಡುತ್ತೇವೆ.

ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ನೋಡಲು ಮಕ್ಕಳೊಂದಿಗೆ ಹೋದಾಗ ಬಾವುಟಗುಡ್ಡದಲ್ಲಿಯೂ ಸ್ವಲ್ಪ ನಿಲ್ಲಿ. 1837ರ ಕಥೆ ಹೇಳಿ. ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ಕದ್ರಿಯ ಯುದ್ಧ ಸ್ಮಾರಕಕ್ಕೆ ಒಂದು ಹೂವು ಒಯ್ಯಿರಿ. ನಿಮ್ಮ ವಾಳೆಯಲ್ಲಿ ಯೋಧನೊಬ್ಬನ ವಿಧವೆಯಿದ್ದರೆ, ಆಕೆಯ ಪಿಂಚಣಿ ಕಾಗದಗಳಿಗಾಗಿ ಕಚೇರಿಗೆ ಜೊತೆಯಲ್ಲಿ ಹೋಗಿ. ಸತ್ತವರ ಋಣವನ್ನು ತೀರಿಸಲಾರೆವು, ನಿಜ. ಆದರೆ ಅವರು ಬಿಟ್ಟುಹೋದವರ ಬಾಗಿಲು ನಮ್ಮ ಮನೆಯಿಂದ ದೂರವೇನೂ ಇಲ್ಲ.