ನಡುವಿನ ಗಳಿಗೆ

ಮೊನ್ನೆ ವೀಡಿಯೊ ಆಟದಲ್ಲಿ ಮುಳುಗಿದ್ದ ಮಗನನ್ನು, “ಅವನನ್ನೇಕೆ ಹೊಡೆದೆಯೋ?” ಎಂದು ಕೇಳಿದೆ. “ಯೋಚಿಸ್ತಾ ನಿಂತರೆ ನಾನೇ ಸಾಯ್ತೀನಪ್ಪ” ಎಂದ.

ಈ ಅವಸರ ಎಲ್ಲಿಂದ ಬಂತು? ೧೯೭೮ರಲ್ಲಿ ಜಪಾನಿನ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ, ಪರದೆಯ ತುಂಬ ಶತ್ರುಗಳನ್ನು ನಡೆಸುವುದು ಯಂತ್ರಕ್ಕೆ ಹೊರೆಯಾಗಿತ್ತು. ಶತ್ರುಗಳು ಸತ್ತಂತೆಲ್ಲ ಹೊರೆ ಇಳಿದು, ಉಳಿದವರ ನಡೆ ತಾನಾಗಿ ಚುರುಕಾಯಿತು. ಆತ ಅದನ್ನು ತಿದ್ದದೆ ಉಳಿಸಿಕೊಂಡ. ನಾಣ್ಯ ಹಾಕಿ ಆಡುವ ಯಂತ್ರದ ಒಡೆಯನಿಗೂ ವೇಗ ಹಿತವೇ: ಆಟ ಬೇಗ ಮುಗಿದಷ್ಟೂ ಮುಂದಿನ ನಾಣ್ಯ ಬೇಗ ಬೀಳುತ್ತದೆ. ಬರಬರುತ್ತ ಯಂತ್ರಗಳ ಬಲ ಬೆಳೆಯಿತು. ೧೯೯೩ರ ‘ಡೂಮ್’ನಲ್ಲಿ ಓಟ ಮತ್ತು ಗುಂಡೇ ಆಟವಾಯಿತು.

ಆದರೆ ಅದೇ ವರ್ಷ ಬಂದ ‘ಮಿಸ್ಟ್’ನಲ್ಲಿ ಅವಸರವಿಲ್ಲ, ನಿರ್ಜನ ದ್ವೀಪದಲ್ಲಿ ಅಲೆಯುತ್ತ ಒಗಟು ಬಿಡಿಸುವುದೇ ಆಟ. ಅದನ್ನೂ ಲಕ್ಷಾಂತರ ಜನ ಕೊಂಡರು. ಎಂದಮೇಲೆ ವೇಗ ಯಂತ್ರದ ವಿಧಿಯಲ್ಲ. ನಾವು ಬಯಸಿ ಪಡೆದದ್ದು.

ಕೈ ಎತ್ತುವುದಕ್ಕೂ ಹೊಡೆಯುವುದಕ್ಕೂ ನಡುವೆ ಒಂದು ಗಳಿಗೆಯಿದೆ. ‘ಇದು ಸರಿಯೆ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಯೇ. ಆಟದಲ್ಲಿ ಅದು ತಪ್ಪಿದರೆ ಸಾಯುವುದು ಬರಿಯ ಬೊಂಬೆ. ಮಗನಿಗೆ ಬುದ್ಧಿ ಹೇಳಹೊರಟ ನನಗೆ, ಆ ಬೆಳಗ್ಗೆ ಅವನ ಮಾತು ಮುಗಿಯುವ ಮುನ್ನವೇ ಗದರಿದ್ದು ನೆನಪಾಯಿತು. ನಾನು ಆಡಿದ್ದು ಯಾವ ಆಟ?